ಹಳೆಯ ಆರ್‌ಎಕ್ಸ್ 100: ಖರೀದಿ, ಪುನರುಜ್ಜೀವನ ಮತ್ತು ಅದರ ಲೆಕ್ಕ

ಒಂದು ಕಾಲಕ್ಕೆ ಗುಜರಿಯವರು ತೂಕಕ್ಕೆ ಕೊಂಡೊಯ್ಯುತ್ತಿದ್ದ ಮೋಟಾರ್ ಸೈಕಲ್ಲಿಗೆ ಇಂದು ಹೊಸ ಗಾಡಿಯ ಬೆಲೆ ಕೇಳುವವರಿದ್ದಾರೆ, ಕೊಡುವವರೂ ಇದ್ದಾರೆ. ಎಂಬತ್ತರ ದಶಕದಲ್ಲಿ ಜಪಾನಿ ತಂತ್ರಜ್ಞಾನದ ಸಹಯೋಗದಿಂದ ಭಾರತದಲ್ಲಿ ತಯಾರಾದ ಮೋಟಾರ್ ಸೈಕಲ್ಲುಗಳ ವಿಷಯದಲ್ಲಂತೂ ಈ ಮಾತು ಹೆಚ್ಚು ನಿಜ. ಇದನ್ನು ಕಂಡು ಹಲವು ಗ್ಯಾರೇಜುಗಳು, ಬಿಡಿಭಾಗಗಳ ಅಂಗಡಿಗಳು ಮತ್ತು ಸಣ್ಣ ಲೇತ್ ಘಟಕಗಳು ಹಳೆಯ ಗಾಡಿಗಳನ್ನು ಕೊಂಡು, ಸರಿಪಡಿಸಿ, ಮಾರುವ ವ್ಯವಹಾರದತ್ತ ಮನಸ್ಸು ಮಾಡಿವೆ. ಕೆಲವರಿಗೆ ಲಾಭವಾಗಿದೆ. ಇನ್ನು ಕೆಲವರು ಗಾಡಿಯನ್ನು ಹೊಳೆಯುವಂತೆ ಮಾಡಿಯೂ ಕೈಯಿಂದ ಹಣ ಕಳೆದುಕೊಂಡಿದ್ದಾರೆ. ಈ ವ್ಯತ್ಯಾಸಕ್ಕೆ ಕೆಲಸಗಾರಿಕೆಯ ಗುಣಮಟ್ಟ ಕಾರಣವಾಗುವುದು ಅಪರೂಪ. ನಷ್ಟವು ಬಹುತೇಕ ಖರೀದಿಯ ದಿನವೇ ನಿಶ್ಚಯವಾಗಿರುತ್ತದೆ.

ಈ ವ್ಯವಹಾರದ ಸ್ವರೂಪವನ್ನು ಅರಿಯಲು ಯಮಾಹಾ ಆರ್‌ಎಕ್ಸ್ 100 ಉತ್ತಮ ಉದಾಹರಣೆ. ಎಂಬತ್ತರ ದಶಕದ ಆರಂಭದಲ್ಲಿ ಸರ್ಕಾರವು ದ್ವಿಚಕ್ರ ವಾಹನ ಕ್ಷೇತ್ರದಲ್ಲಿ ವಿದೇಶಿ ಸಹಯೋಗಕ್ಕೆ ಅವಕಾಶ ನೀಡಿದಾಗ ಜಪಾನಿನ ನಾಲ್ಕು ಕಂಪನಿಗಳೂ ಒಂದರ ಹಿಂದೊಂದು ಬಂದವು. ನಮ್ಮ ಗಡಿಗೆ ಅಂಟಿಕೊಂಡಿರುವ ಹೊಸೂರಿನಿಂದ 1984ರಲ್ಲಿ ಇಂಡ್-ಸುಜುಕಿ ಹೊರಬಂತು. 1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. ಬಜಾಜ್ ಸಂಸ್ಥೆಯು ಕವಾಸಾಕಿಯೊಡನೆ ಕೈಜೋಡಿಸಿತು. ಎಸ್ಕಾರ್ಟ್ಸ್ ಸಂಸ್ಥೆಯು ಯಮಾಹಾದೊಡನೆ ಸೇರಿ 1983ರಲ್ಲಿ ರಾಜದೂತ್ 350 ಎಂಬ ಜೋಡಿ ಸಿಲಿಂಡರಿನ ಗಾಡಿಯನ್ನೂ, 1985ರಲ್ಲಿ ಆರ್‌ಎಕ್ಸ್ 100 ಅನ್ನೂ ಮಾರುಕಟ್ಟೆಗೆ ಬಿಟ್ಟಿತು. 98 ಸಿಸಿ ಸಾಮರ್ಥ್ಯದ ಈ ಟೂ-ಸ್ಟ್ರೋಕ್ ಎಂಜಿನ್ 11 ಅಶ್ವಶಕ್ತಿ ನೀಡುತ್ತಿತ್ತು. ಗಾಡಿಯ ತೂಕ ಸುಮಾರು ನೂರು ಕಿಲೋ ಮಾತ್ರ. ಹೀಗಾಗಿ ಅದರ ಓಟಕ್ಕೆ ಅಂದಿನ ನೂರು ಸಿಸಿ ಗಾಡಿಗಳಲ್ಲಿ ಸಾಟಿ ಇರಲಿಲ್ಲ. ಹೊರಸೂಸುವಿಕೆಯ ನಿಯಮಗಳು ಬಿಗಿಯಾದಂತೆ 1996ರಲ್ಲಿ ಅದರ ತಯಾರಿಕೆ ನಿಂತಿತು. ಪೂರೈಕೆ ಅಲ್ಲಿಗೆ ಮುಗಿಯಿತು, ಬೇಡಿಕೆ ಮಾತ್ರ ಮುಂದುವರಿಯಿತು. ಇಂದಿನ ಬೆಲೆಯ ಮೂಲ ಇಷ್ಟೇ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ಮಾರುವವರು ಇಂಥ ಗಾಡಿಗಳನ್ನು ಧಾರಾಳವಾಗಿ 'ವಿಂಟೇಜ್' ಎಂದು ಕರೆಯುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈಯಲ್ಲಿ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ಸ್ವರೂಪವನ್ನು ಉಳಿಸಿಕೊಂಡಿರುವ ಮತ್ತು ವಾಣಿಜ್ಯ ಬಳಕೆಯಲ್ಲಿಲ್ಲದ ವಾಹನಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಅದಕ್ಕೆ ಪ್ರತ್ಯೇಕ ಸಂಖ್ಯಾಫಲಕವಿದೆ, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕವಿದೆ, ಹತ್ತು ವರ್ಷದ ಅವಧಿಯಿದೆ. ದಿನನಿತ್ಯದ ಓಡಾಟಕ್ಕೆ ಅದನ್ನು ಬಳಸುವಂತಿಲ್ಲ. ಮೊಟ್ಟಮೊದಲ ಆರ್‌ಎಕ್ಸ್ 100 ಕೂಡ ಆ ವರ್ಗಕ್ಕೆ ಸೇರಲು 2035 ಬರಬೇಕು. ಅಲ್ಲಿಯವರೆಗೆ ಕಾನೂನಿನ ಕಣ್ಣಿಗೆ ಇದು ಕೇವಲ ಹಳೆಯ ಗಾಡಿ. ಹಳೆಯ ಗಾಡಿಗೆ ಅನ್ವಯಿಸುವ ಎಲ್ಲ ಕಟ್ಟುಪಾಡುಗಳೂ ಇದಕ್ಕೆ ಅನ್ವಯಿಸುತ್ತವೆ.

ಮೊದಲು ಕಾಗದ, ಆಮೇಲೆ ಕಬ್ಬಿಣ

ಮಲೆನಾಡಿನ ಯಾವುದೋ ತೋಟದ ಮನೆಯ ಕೊಟ್ಟಿಗೆಯಲ್ಲಿ ಹದಿನೈದು ವರ್ಷದಿಂದ ನಿಂತ ಒಂದು ಗಾಡಿಯ ಸುದ್ದಿ ವರ್ತಕರೊಬ್ಬರ ಕಿವಿಗೆ ಬಿದ್ದಿದೆ ಎಂದು ಭಾವಿಸಬಹುದು. ಹೋಗಿ ನೋಡಿದಾಗ ಟ್ಯಾಂಕು ಮೂಲದ್ದು, ಸೈಲೆನ್ಸರ್ ಮೂಲದ್ದು, ಮೀಟರ್ ಕೂಡ ಮೂಲದ್ದು. ಕೊಳ್ಳುವವರ ಮನಸ್ಸು ಆಗಲೇ ಸೋತಿರುತ್ತದೆ. ಆದರೆ ಪಾನಾ ಹೊರತೆಗೆಯುವ ಮೊದಲು ಆರ್‌ಸಿ ಪುಸ್ತಕವನ್ನು ಹೊರತೆಗೆಸಬೇಕು. ಯಾವ ಬಿಡಿಭಾಗವನ್ನಾದರೂ ಹುಡುಕಿ ತರಬಹುದು, ಇಲ್ಲವೇ ಮಾಡಿಸಬಹುದು. ಇಲ್ಲದ ದಾಖಲೆಯನ್ನು ಮಾಡಿಸಲು ಹೊರಟರೆ ಅದು ಅಪರಾಧವಾಗುತ್ತದೆ.

ಮೊದಲನೆಯದಾಗಿ, ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳನ್ನು ಪುಸ್ತಕದೊಡನೆ ತಾಳೆ ನೋಡಬೇಕು. ಆರ್‌ಎಕ್ಸ್ 100ರ ಎಂಜಿನ್ ಸಂಖ್ಯೆ 1ಎಲ್1 ಎಂಬ ಅಕ್ಷರಗಳಿಂದ ಆರಂಭವಾಗುತ್ತದೆ. ಸಂಖ್ಯೆಯ ಸುತ್ತ ಉಜ್ಜಿದ ಗುರುತು, ಒಂದಕ್ಕೊಂದು ಹೊಂದದ ಅಂಕಿಗಳ ಆಳ, ವೆಲ್ಡಿಂಗ್ ಮಾಡಿದ ಉಬ್ಬು ಇವುಗಳಲ್ಲಿ ಯಾವುದು ಕಂಡರೂ ಆ ಗಾಡಿಯನ್ನು ಅಲ್ಲಿಯೇ ಬಿಟ್ಟುಬರುವುದು ಲೇಸು. ಚಾಸಿಸ್ ಸಂಖ್ಯೆಯ ಮೇಲೆ ಕಾಗದವಿಟ್ಟು ಪೆನ್ಸಿಲ್ಲಿನಿಂದ ತಿಕ್ಕಿ ಅಚ್ಚು ತೆಗೆದುಕೊಳ್ಳುವ ಹಳೆಯ ಪದ್ಧತಿಯೇ ಇಲ್ಲಿ ಅತ್ಯುತ್ತಮ. ಬಣ್ಣದ ಪದರದ ಕೆಳಗಿನ ಕಳ್ಳತನವನ್ನು ಕಣ್ಣಿಗಿಂತ ಪೆನ್ಸಿಲ್ ಚೆನ್ನಾಗಿ ತೋರಿಸುತ್ತದೆ.

ಎರಡನೆಯದಾಗಿ, ಎಂಜಿನ್ ಬದಲಾವಣೆ. ಆರ್‌ಎಕ್ಸ್ 100ರ ನಂತರ ಬಂದ 132 ಸಿಸಿಯ ಮಾದರಿಯ ಎಂಜಿನ್ನನ್ನು ಹಳೆಯ ಚೌಕಟ್ಟಿಗೆ ಕೂರಿಸಿದ ಗಾಡಿಗಳು ಸಾಕಷ್ಟಿವೆ. ಮಾರುವವರು ಇದನ್ನು ಹೆಚ್ಚುಗಾರಿಕೆಯೆಂದು ಹೇಳಿಕೊಳ್ಳುತ್ತಾರೆ. ಆದರೆ ಮೋಟಾರು ವಾಹನ ಅಧಿನಿಯಮ 1988ರ ಕಲಂ 52ರ ಪ್ರಕಾರ ನೋಂದಣಿ ಪತ್ರದ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡು ಸಲ್ಲದು, ಎಂಜಿನ್ ಬದಲಿಸಲು ನೋಂದಣಿ ಪ್ರಾಧಿಕಾರದ ಅನುಮತಿ ಬೇಕು. ಅನುಮತಿಯಿಲ್ಲದೆ ಬದಲಿಸಿದ ಗಾಡಿಯು ನವೀಕರಣದ ತಪಾಸಣೆಯಲ್ಲಿ ನಿಲ್ಲುವುದಿಲ್ಲ. ಅಪಘಾತವಾದಲ್ಲಿ ವಿಮಾ ಪರಿಹಾರದ ಪ್ರಶ್ನೆಯೂ ತೊಡಕಾಗುತ್ತದೆ.

ಮೂರನೆಯದು ಅವಧಿ. ಖಾಸಗಿ ಮೋಟಾರ್ ಸೈಕಲ್ಲಿನ ನೋಂದಣಿ ಹದಿನೈದು ವರ್ಷಕ್ಕೆ ಮುಗಿದು, ನಂತರ ಐದೈದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. 2025ರ ಆಗಸ್ಟ್‌ನಿಂದ 20 ವರ್ಷ ಮೀರಿದ ಮೋಟಾರ್ ಸೈಕಲ್ಲಿನ ನವೀಕರಣ ಶುಲ್ಕ 2,000 ರೂಪಾಯಿ. ಇದು ದೊಡ್ಡ ಮೊತ್ತವೇನಲ್ಲ. ಆದರೆ ತಡವಾದ ಪ್ರತಿ ತಿಂಗಳಿಗೆ 300 ರೂಪಾಯಿಯನ್ನು 2022ರ ಏಪ್ರಿಲ್‌ನಿಂದ ನಿಗದಿಪಡಿಸಲಾಗಿದೆ. ಮೂರು ವರ್ಷ ತಡವಾದರೆ ಅದೇ 10,800 ರೂಪಾಯಿಯಾಯಿತು. ಇದರ ಮೇಲೆ ರಾಜ್ಯದ ಹಸಿರು ತೆರಿಗೆ, ವಿಮೆ ಮತ್ತು ಹೊಗೆ ತಪಾಸಣಾ ಪತ್ರದ ವೆಚ್ಚಗಳಿವೆ. ಕೊಟ್ಟಿಗೆಯಲ್ಲಿ ನಿಂತ ಗಾಡಿಯು ಓಡದಿದ್ದರೂ ಅದರ ಸಾಲ ಓಡುತ್ತಲೇ ಇರುತ್ತದೆ. ಈ ಮೊತ್ತವನ್ನು ಚೌಕಾಸಿಯ ವೇಳೆಯಲ್ಲಿಯೇ ಕಳೆಯಬೇಕೇ ಹೊರತು ಹಣ ಕೊಟ್ಟ ಮೇಲೆ ಮಾರಿದವರ ಮನೆಯ ಬಾಗಿಲು ತಟ್ಟಿ ಪ್ರಯೋಜನವಿಲ್ಲ.

ಇನ್ನೂ ಎರಡು ತೊಡಕುಗಳು ಪದೇ ಪದೇ ಎದುರಾಗುತ್ತವೆ. ತೊಂಬತ್ತರ ದಶಕದಲ್ಲಿ ಗಾಡಿಯನ್ನು ಕಂತಿನ ಮೇಲೆ ಕೊಂಡವರು ಸಾಲ ತೀರಿಸಿದ್ದರೂ ಪುಸ್ತಕದಲ್ಲಿನ ಹಣಕಾಸು ಸಂಸ್ಥೆಯ ಹೆಸರನ್ನು ತೆಗೆಸಿರುವುದಿಲ್ಲ. ಆ ಸಂಸ್ಥೆ ಎಂದೋ ಬಾಗಿಲು ಮುಚ್ಚಿರುತ್ತದೆ. ನಮೂನೆ 35ಕ್ಕೆ ಸಹಿ ಹಾಕುವವರೇ ಇಲ್ಲದ ಇಂಥ ಗಾಡಿ ಎಷ್ಟೇ ಅಗ್ಗವಾದರೂ ದುಬಾರಿಯೇ. ಎರಡನೆಯದು, ಪುಸ್ತಕದಲ್ಲಿನ ಮಾಲೀಕರು ತೀರಿಕೊಂಡಿರುವುದು. ಹೀಗಾದಾಗ ವಾರಸುದಾರರು ಮೊದಲು ನಮೂನೆ 31ರ ಮೂಲಕ ತಮ್ಮ ಹೆಸರಿಗೆ ವರ್ಗಾಯಿಸಿಕೊಂಡು, ನಂತರ 29 ಮತ್ತು 30ನೇ ನಮೂನೆಗಳಿಗೆ ಸಹಿ ಮಾಡಬೇಕು. ಮೂವರು ಅಣ್ಣತಮ್ಮಂದಿರಲ್ಲಿ ಒಬ್ಬರಿಗೆ ತಂದೆಯ ಗಾಡಿ ಮಾರುವ ಮನಸ್ಸಿಲ್ಲದಿದ್ದರೆ ವ್ಯವಹಾರ ಅಲ್ಲಿಗೇ ನಿಂತಿತು. ಹೊರರಾಜ್ಯದ ಗಾಡಿಯಾದರೆ ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರ ಮತ್ತು ಇಲ್ಲಿನ ತೆರಿಗೆ ಎರಡನ್ನೂ ಲೆಕ್ಕಕ್ಕೆ ಹಿಡಿಯಬೇಕು. ದಾಖಲೆಯೇ ಇಲ್ಲದೆ ಹರಾಜಿನಲ್ಲಿ ಗುಜರಿಯಾಗಿ ಹೋದ ಗಾಡಿಯು ಬಿಡಿಭಾಗಗಳಿಗೆ ಮಾತ್ರ ಯೋಗ್ಯ, ರಸ್ತೆಗೆ ಅಲ್ಲ.

ಎಂಜಿನ್ನಿನ ಒಳಗು

ಕಾಗದಗಳು ಸರಿಯಿದ್ದರೆ ಎಂಜಿನ್ನಿನ ಪರೀಕ್ಷೆ. ಬಹುಕಾಲ ನಿಂತ ಎಂಜಿನ್ ಸಾಮಾನ್ಯವಾಗಿ ಬಿಗಿದಿರುತ್ತದೆ. ಉತ್ಸಾಹದಿಂದ ಕಿಕ್ಕರ್ ಮೇಲೆ ನಿಂತು ಹಾರುವವರು ಕಿಕ್ ಗೇರಿನ ಹಲ್ಲು ಮುರಿದುಕೊಳ್ಳುತ್ತಾರೆ. ಪ್ಲಗ್ ಬಿಚ್ಚಿ, ಆ ರಂಧ್ರದಿಂದ ಸ್ವಲ್ಪ ಡೀಸೆಲ್ ಇಲ್ಲವೇ ತೆಳು ಎಣ್ಣೆ ಬಿಟ್ಟು ಎರಡು ಮೂರು ದಿನ ಕಾಯುವುದು ಕ್ರಮ.

ಟೂ-ಸ್ಟ್ರೋಕ್ ಎಂಜಿನ್ನಿನ ಬೆಲೆಯನ್ನು ಅಳೆಯಲು ಅದು ಉಸಿರಾಡುವ ರೀತಿ ತಿಳಿದಿರಬೇಕು. ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್ ಕೇಸು ಎಣ್ಣೆ ತುಂಬಿದ ಪೆಟ್ಟಿಗೆ ಮಾತ್ರ. ಟೂ-ಸ್ಟ್ರೋಕಿನಲ್ಲಿ ಅದೇ ಪಂಪು. ಪಿಸ್ಟನ್ ಮೇಲೇರಿದಾಗ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ರೀಡ್ ವಾಲ್ವಿನ ತೆಳು ಎಲೆಗಳನ್ನು ಸರಿಸಿ ಕ್ರ್ಯಾಂಕ್ ಕೇಸಿಗೆ ಬರುತ್ತದೆ. ಪಿಸ್ಟನ್ ಇಳಿದಾಗ ಅದೇ ಮಿಶ್ರಣ ಒತ್ತಡಕ್ಕೆ ಸಿಕ್ಕಿ ಸಿಲಿಂಡರಿಗೆ ಏರುತ್ತದೆ. ಆದ್ದರಿಂದ ಕ್ರ್ಯಾಂಕಿನ ಎರಡು ತುದಿಯ ಎಣ್ಣೆ ಸೀಲುಗಳು ಗಾಳಿಯಾಡದಂತೆ ಬಿಗಿಯಾಗಿರಬೇಕು. ಹತ್ತಿಪ್ಪತ್ತು ವರ್ಷ ನಿಂತ ಗಾಡಿಯಲ್ಲಿ ಆ ರಬ್ಬರ್ ಒಣಗಿ ಬಿರಿದಿರುತ್ತದೆ. ಕ್ಲಚ್ ಬದಿಯ ಸೀಲು ಸೋರಿದರೆ ಗೇರ್ ಎಣ್ಣೆ ಒಳಕ್ಕೆ ಎಳೆದು ಬಿಳಿ ಹೊಗೆ ಬರುತ್ತದೆ. ಇದು ಕಣ್ಣಿಗೆ ಕಾಣುವ ರೋಗ. ಮ್ಯಾಗ್ನೆಟ್ ಬದಿಯ ಸೀಲು ಸೋರಿದರೆ ಹೊರಗಿನ ಗಾಳಿ ಒಳಗೆ ನುಗ್ಗಿ, ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಕಡಿಮೆಯಾಗಿ, ಪಿಸ್ಟನ್ ಕಾದು ಸಿಲಿಂಡರಿಗೆ ಹಿಡಿದುಕೊಳ್ಳುತ್ತದೆ. ಇದು ಕಾಣದ ರೋಗ. ಇನ್ನೂರು ರೂಪಾಯಿಯೂ ಬೆಲೆಯಿಲ್ಲದ ಒಂದು ಸೀಲನ್ನು ಉಳಿಸಿಕೊಂಡ ಕಾರಣಕ್ಕೆ ಹೊಸ ಪಿಸ್ಟನ್, ಹೊಸ ಬೋರ್ ಎಲ್ಲವೂ ಒಂದೇ ಸವಾರಿಯಲ್ಲಿ ಹಾಳಾಗುವುದುಂಟು. ಗಾಡಿ ಹೇಗೇ ಓಡುತ್ತಿರಲಿ, ನಿಂತಿದ್ದ ಎಂಜಿನ್ನನ್ನು ಪೂರ್ತಿ ಬಿಚ್ಚದೆ ಮಾರುವುದು ಗ್ರಾಹಕರಿಗೆ ಮಾಡುವ ಮೋಸವೇ ಸರಿ.

ಬಿಚ್ಚಿದಾಗ ಬೋರಿನ ಅಳತೆ ತೆಗೆಯಬೇಕು. ಈ ಎಂಜಿನ್ನಿನ ಬೋರ್ ಮತ್ತು ಸ್ಟ್ರೋಕ್ ಎರಡೂ ತಲಾ 50 ಮಿಲಿಮೀಟರ್. ಹೆಚ್ಚಳದ ಪಿಸ್ಟನ್‌ಗಳು 0.25 ಮಿಲಿಮೀಟರ್ ಅಂತರದಲ್ಲಿ 1 ಮಿಲಿಮೀಟರ್‌ವರೆಗೆ ದೊರೆಯುತ್ತವೆ. ಮಾರುವವರು 'ಈಗಷ್ಟೇ ಬೋರ್ ಮಾಡಿಸಿದೆ' ಎಂದು ಹೇಳಿದರೆ ಅದು ಎಷ್ಟನೆಯ ಬೋರ್ ಎಂದು ಕೇಳಬೇಕು. 51 ಮಿಲಿಮೀಟರ್ ತಲುಪಿದ ಬ್ಲಾಕಿಗೆ ಮುಂದಿನ ದಾರಿ ಹೊಸ ಸ್ಲೀವ್ ಹಾಕಿಸುವುದೊಂದೇ. ಬೋರ್ ಮಾಡಿದ ಮೇಲೆ ಪೋರ್ಟುಗಳ ಅಂಚನ್ನು ಸ್ವಲ್ಪ ಮಟ್ಟಿಗೆ ಮೊಂಡು ಮಾಡಬೇಕು, ಇಲ್ಲವಾದರೆ ರಿಂಗು ಅಂಚಿಗೆ ಸಿಕ್ಕಿ ಮುರಿಯುತ್ತದೆ. ಕೆಲವು ಲೇತ್ ಅಂಗಡಿಗಳಲ್ಲಿ ಫೋರ್-ಸ್ಟ್ರೋಕ್ ಗಾಡಿಗಳ ಅಭ್ಯಾಸದಲ್ಲಿ ಈ ಕೆಲಸ ಮರೆತೇ ಹೋಗಿದೆ.

ಕ್ರ್ಯಾಂಕ್ ಇನ್ನೂ ಸೂಕ್ಷ್ಮ. ಇದು ಒಂದೇ ತುಂಡಿನದಲ್ಲ. ಎರಡು ಚಕ್ರಗಳನ್ನು ಒಂದು ಪಿನ್ನಿನ ಮೇಲೆ ಒತ್ತಿ ಕೂರಿಸಿ ಮಾಡಿದ್ದು. ತೇವದ ಜಾಗದಲ್ಲಿ ನಿಂತ ಗಾಡಿಯಲ್ಲಿ ಕನೆಕ್ಟಿಂಗ್ ರಾಡಿನ ಕೆಳತುದಿಯ ಸೂಜಿ ಬೇರಿಂಗಿಗೆ ತುಕ್ಕಿನ ಕಲೆ ಕೂತಿರುತ್ತದೆ. ರಾಡನ್ನು ಮೇಲೆ ಕೆಳಗೆ ಎಳೆದಾಗ ಸ್ವಲ್ಪ ಅಲುಗಿದರೂ ಕ್ರ್ಯಾಂಕನ್ನು ಬಿಚ್ಚಿಸಲೇಬೇಕು. ಹೈಡ್ರಾಲಿಕ್ ಪ್ರೆಸ್ಸಿನಲ್ಲಿ ಬಿಚ್ಚಿ, ಹೊಸ ರಾಡ್ ಕಿಟ್ ಕೂರಿಸಿ, ಎರಡು ಸೆಂಟರುಗಳ ನಡುವೆ ತಿರುಗಿಸುತ್ತ ಡಯಲ್ ಗೇಜಿನಿಂದ ಅದರ ಓರೆಯನ್ನು ಮಿಲಿಮೀಟರಿನ ನೂರನೇ ಕೆಲವೇ ಭಾಗಗಳಿಗೆ ಇಳಿಸಬೇಕು. ಇದನ್ನು ಬಲ್ಲವರು ಪ್ರತಿ ಊರಿನಲ್ಲಿಯೂ ಬೆರಳೆಣಿಕೆಯಷ್ಟು. ಸುತ್ತಿಗೆಯಿಂದ ಹೊಡೆದು ಕೂರಿಸಿದ ಕ್ರ್ಯಾಂಕಿನ ನಡುಕವು ಗಾಡಿಯು ಮಧ್ಯಮ ವೇಗಕ್ಕೆ ಬಂದಾಗ ಕೈಗೂ ಕಾಲಿಗೂ ತಿಳಿಯುತ್ತದೆ.

ಎಣ್ಣೆ ಪಂಪನ್ನು ಮರೆಯಬಾರದು. ಮೂಲದಲ್ಲಿ ಈ ಗಾಡಿಗೆ ಪ್ರತ್ಯೇಕ ಎಣ್ಣೆ ಟ್ಯಾಂಕಿದ್ದು, ಪಂಪು ಬೇಕಾದಷ್ಟು ಎಣ್ಣೆಯನ್ನು ತಾನೇ ಪೂರೈಸುತ್ತಿತ್ತು. ಎಷ್ಟೋ ಗಾಡಿಗಳಲ್ಲಿ ಅದನ್ನು ಕಿತ್ತು ಪೆಟ್ರೋಲಿಗೇ ಎಣ್ಣೆ ಬೆರೆಸುವ ಪದ್ಧತಿ ಮಾಡಿದ್ದಾರೆ. ಓಡುವುದಕ್ಕೆ ಅಡ್ಡಿಯಿಲ್ಲ. ಆದರೆ ಮೂಲಸ್ವರೂಪಕ್ಕಾಗಿ ಹಣ ಕೊಡುವ ಗ್ರಾಹಕರು ಮೊದಲು ನೋಡುವ ಭಾಗಗಳಲ್ಲಿ ಅದೂ ಒಂದು.

ಹೊಳಪು ಮತ್ತು ಮೊಳಗು

ಟ್ಯಾಂಕಿನ ಮೇಲೆ ಒಂದು ಸಣ್ಣ ಅಯಸ್ಕಾಂತ ಓಡಿಸಿದರೆ ಅದರ ಚರಿತ್ರೆ ತಿಳಿಯುತ್ತದೆ. ಅದು ಹಿಡಿಯದ ಜಾಗದಲ್ಲಿ ಬಣ್ಣದ ಕೆಳಗೆ ದಪ್ಪ ಪಟ್ಟಿ ತುಂಬಿದೆ ಎಂದರ್ಥ. ಒಳಗಿನ ತುಕ್ಕನ್ನು ಫಾಸ್ಫಾರಿಕ್ ಆಮ್ಲದಿಂದ ತೊಳೆಸಬಹುದು, ತೂತು ಬಿದ್ದಿದ್ದರೆ ಖರ್ಚು ಬೇರೆ. ಈಗಿನ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುವುದರಿಂದ ಇನ್ನೊಂದು ಎಚ್ಚರಿಕೆಯೂ ಅಗತ್ಯ. ಎಥನಾಲ್ ತೇವವನ್ನು ಹೀರುತ್ತದೆ. ಎಂಬತ್ತರ ದಶಕದ ರಬ್ಬರ್ ಪೈಪು, ವಾಷರ್ ಮತ್ತು ಕಾರ್ಬೊರೇಟರಿನ ಸೀಲುಗಳನ್ನು ಅದಕ್ಕಾಗಿ ಮಾಡಿದ್ದಲ್ಲ. ಹೊಸ ರಬ್ಬರ್ ಭಾಗಗಳನ್ನು ಹಾಕಿ, ಗಾಡಿಯನ್ನು ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕು ಮತ್ತು ಕಾರ್ಬೊರೇಟರ್ ಎರಡನ್ನೂ ಬರಿದು ಮಾಡಿಡುವುದು ಒಳಿತು.

ಈ ಗಾಡಿಯ ಸೊಬಗಿರುವುದು ಕ್ರೋಮಿನಲ್ಲಿ. ಕೊಳ್ಳುವವರು ಕ್ರೋಮಿನ ಹೊಳಪನ್ನು ನೋಡುತ್ತಾರೆ, ತುಕ್ಕನ್ನು ತಡೆಯುವುದು ಅದರ ಕೆಳಗಿನ ನಿಕ್ಕಲ್. ಅಲಂಕಾರದ ಕ್ರೋಮ್ ಪದರ ಒಂದು ಮೈಕ್ರಾನಿಗಿಂತಲೂ ತೆಳು. ನಿಕ್ಕಲ್ ಹತ್ತು ಮೈಕ್ರಾನಿಗಿಂತ ಹೆಚ್ಚು ದಪ್ಪವಿದ್ದರೆ ಮಾತ್ರ ಮಳೆಗಾಲಗಳನ್ನು ತಾಳುತ್ತದೆ. ಅಗ್ಗದ ಮಡ್‌ಗಾರ್ಡುಗಳು ಎರಡನೇ ಮಳೆಗಾಲಕ್ಕೆ ಕಂದುಚುಕ್ಕೆ ತೋರಿಸುವುದಕ್ಕೆ ನಿಕ್ಕಲಿನಲ್ಲಿ ಮಾಡಿದ ಉಳಿತಾಯವೇ ಕಾರಣ. ಆದ್ದರಿಂದ ಹಳೆಯ ಮೂಲದ ಭಾಗ ಡೊಂಕಾಗಿದ್ದರೂ ಅದನ್ನು ಎಸೆಯದೆ, ಹಳೆಯ ಲೇಪನ ತೆಗೆಸಿ, ಬಫಿಂಗ್ ಮಾಡಿಸಿ, ಮತ್ತೆ ಲೇಪನ ಮಾಡಿಸುವುದು ಹೊಸ ನಕಲನ್ನು ಕೊಳ್ಳುವುದಕ್ಕಿಂತ ದುಬಾರಿಯಾದರೂ ಮೇಲು. ಖರ್ಚಿನ ದೊಡ್ಡ ಪಾಲು ಬಫಿಂಗ್ ಕೂಲಿಗೆ ಹೋಗುತ್ತದೆ. ಲೇಪನದ ತೊಟ್ಟಿಗೆ ಇಳಿಯುವಾಗ ಇದ್ದ ಗೀರು, ಹೊರಬರುವಾಗ ಇನ್ನಷ್ಟು ಎದ್ದು ಕಾಣುತ್ತದೆ.

ಸೈಲೆನ್ಸರ್ ವಿಷಯದಲ್ಲಿ ಬಹುತೇಕರು ಮೋಸ ಹೋಗುತ್ತಾರೆ. ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಸೈಲೆನ್ಸರ್ ಕೇವಲ ಸದ್ದಡಗಿಸುವ ಕೊಳವೆಯಲ್ಲ. ಹೊರಬಿದ್ದ ಹೊಗೆಯ ಒತ್ತಡದ ಅಲೆ ಅದರ ಒಳಗೋಡೆಗೆ ತಾಗಿ ಮರಳಿ ಬಂದು, ಪೋರ್ಟಿನಿಂದ ಹೊರಜಾರುತ್ತಿರುವ ಹೊಸ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ತಳ್ಳುತ್ತದೆ. ಆ ಅಲೆ ಯಾವ ವೇಗದಲ್ಲಿ ಸರಿಯಾದ ಕ್ಷಣಕ್ಕೆ ಮರಳುವುದೆಂಬುದು ಒಳಗಿನ ಅಳತೆಗಳ ಮೇಲೆ ನಿಂತಿದೆ. ಹೊರಗಿನಿಂದ ಪಡಿಯಚ್ಚಿನಂತಿರುವ ನಕಲು ಸೈಲೆನ್ಸರ್ ಹಾಕಿದ ಗಾಡಿ ಸೊಗಸಾಗಿ ಕಂಡು, ಏರಿಯಲ್ಲಿ ಏದುಸಿರು ಬಿಡುವುದು ಇದೇ ಕಾರಣದಿಂದ. ಮೂಲ ಸೈಲೆನ್ಸರ್ ಮಸಿಗಟ್ಟಿದ್ದರೆ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸಿ ತೊಳೆಯಬೇಕು. ಕೆಂಪಗೆ ಕಾಯಿಸಿ ಸುಡುವ ಪದ್ಧತಿಯು ಕ್ರೋಮನ್ನೂ ಸುಡುತ್ತದೆ. ಹೊಗೆ ತಪಾಸಣೆಯ ದೃಷ್ಟಿಯಿಂದಲೂ ಇದು ಮುಖ್ಯ. 2000ದ ಮಾರ್ಚ್ 31ರೊಳಗೆ ತಯಾರಾದ ದ್ವಿಚಕ್ರ ವಾಹನಗಳಿಗೆ ಕಾರ್ಬನ್ ಮಾನಾಕ್ಸೈಡ್ ಶೇಕಡಾ 4.5 ಮತ್ತು ಹೈಡ್ರೋಕಾರ್ಬನ್ 9,000 ಪಿಪಿಎಂ ಮಿತಿಯಿದ್ದು, ಸರಿಯಾಗಿ ಕಟ್ಟಿದ ಎಂಜಿನ್ನಿಗೆ ಅದು ಕಷ್ಟವಲ್ಲ.

ವಿದ್ಯುತ್ ತಂತಿಗಳು, ಚಕ್ರದ ಕಡ್ಡಿಗಳು, ಟೈರು, ಚೈನು, ಬ್ರೇಕ್ ಲೈನರ್ ಇವೆಲ್ಲ ಯಾವ ಹಳೆಯ ಗಾಡಿಗೂ ಇರುವ ಕೆಲಸಗಳೇ. ಹೊಸದನ್ನೇ ಹಾಕಬೇಕು, ಅಷ್ಟೆ.

ಲೆಕ್ಕವನ್ನು ಹಿಂದಿನಿಂದ ಮಾಡುವುದು

ಸಾಮಾನ್ಯವಾಗಿ ವರ್ತಕರು ಕೊಂಡ ಬೆಲೆಗೆ ದುರಸ್ತಿ ವೆಚ್ಚ ಸೇರಿಸಿ, ಅದರ ಮೇಲೆ ಲಾಭವಿಟ್ಟು ಮಾರಾಟದ ಬೆಲೆ ಹೇಳುತ್ತಾರೆ. ಈ ವ್ಯವಹಾರದಲ್ಲಿ ಅದು ನಡೆಯುವುದಿಲ್ಲ, ಏಕೆಂದರೆ ಸಿದ್ಧವಾದ ಗಾಡಿಯ ಬೆಲೆಯನ್ನು ಮಾರುಕಟ್ಟೆ ಮೊದಲೇ ಗೊತ್ತುಮಾಡಿರುತ್ತದೆ. ಆ ಬೆಲೆಯಿಂದ ಹಿಂದಕ್ಕೆ ಬಂದು ಖರೀದಿಯ ಬೆಲೆಯನ್ನು ಕಂಡುಕೊಳ್ಳಬೇಕು.

ದರಗಳು ಊರಿನಿಂದ ಊರಿಗೆ, ಗಾಡಿಯಿಂದ ಗಾಡಿಗೆ ಬದಲಾಗುವುದರಿಂದ ಇಲ್ಲಿ ಕೊಡುವ ಅಂಕಿಗಳು ಕೇವಲ ಲೆಕ್ಕದ ಕ್ರಮವನ್ನು ತೋರಿಸಲು. ಸಿದ್ಧ ಗಾಡಿ 1,40,000 ರೂಪಾಯಿಗೆ ಹೋಗುವುದೆಂದು ಇಟ್ಟುಕೊಂಡರೆ, ಎಂಜಿನ್ ಕೆಲಸಕ್ಕೆ 22,000, ಕ್ರೋಮ್ ಮತ್ತು ಸೈಲೆನ್ಸರಿಗೆ 16,000, ಟ್ಯಾಂಕು ಮತ್ತು ಬಣ್ಣಕ್ಕೆ 12,000, ಟೈರು, ಚೈನು, ಬ್ರೇಕಿಗೆ 12,000, ವಿದ್ಯುತ್ ಕೆಲಸಕ್ಕೆ 6,000, ದಾಖಲೆಗಳಿಗೆ 6,000 ಮತ್ತು ಗ್ಯಾರೇಜಿನ ಕೂಲಿ 18,000 ಸೇರಿ 92,000 ಆಯಿತು. ಬಿಚ್ಚಿದ ಮೇಲೆ ಗೊತ್ತಾಗುವ ಹುಳುಕುಗಳಿಗೆ ಶೇಕಡಾ 15ರಂತೆ ಸುಮಾರು 14,000 ಸೇರಿಸಿದರೆ 1,06,000. ಉಳಿದದ್ದು 34,000. ಗಾಡಿಯನ್ನು 25,000 ರೂಪಾಯಿಗೆ ಕೊಂಡರೆ ಆರು ತಿಂಗಳ ಶ್ರಮಕ್ಕೆ 9,000 ದಕ್ಕಿತು. ತುಕ್ಕು ಹಿಡಿದ ಗಾಡಿಗೆ ಐವತ್ತು ಸಾವಿರ ಕೊಟ್ಟು ಬಂದವರ ಗತಿಯನ್ನು ಓದುಗರೇ ಊಹಿಸಬಹುದು.

ಲೆಕ್ಕ ಅಲ್ಲಿಗೂ ಮುಗಿಯುವುದಿಲ್ಲ. 2025ರ ಜನವರಿಯಿಂದ ಎಲ್ಲ ಹಳೆಯ ವಾಹನಗಳ ಮಾರಾಟಕ್ಕೆ ನೋಂದಾಯಿತ ವರ್ತಕರು ಮಾರ್ಜಿನ್ ಮೇಲೆ ಶೇಕಡಾ 18 ಜಿಎಸ್‌ಟಿ ತೆರಬೇಕು. ಮಾರ್ಜಿನ್ ಎಂದರೆ ಮಾರಿದ ಬೆಲೆ ಮತ್ತು ಕೊಂಡ ಬೆಲೆಯ ನಡುವಿನ ವ್ಯತ್ಯಾಸ. ದುರಸ್ತಿಗೆ ಹಾಕಿದ ಹಣವನ್ನು ಅದರಿಂದ ಕಳೆಯುವಂತಿಲ್ಲ. ಮೇಲಿನ ಉದಾಹರಣೆಯಲ್ಲಿ ಮಾರ್ಜಿನ್ 1,15,000. ಗ್ರಾಹಕರು ಕೊಡುವ ಬೆಲೆಯಲ್ಲಿಯೇ ತೆರಿಗೆ ಸೇರಿದೆ ಎಂದುಕೊಂಡರೂ ಅದರಲ್ಲಿ ಸುಮಾರು 17,500 ರೂಪಾಯಿ ತೆರಿಗೆಯ ಪಾಲು. ಒಂಬತ್ತು ಸಾವಿರದ ಲಾಭವು ಎಂಟೂವರೆ ಸಾವಿರದ ನಷ್ಟವಾಗಿ ತಿರುಗಿತು. ಬಿಡಿಭಾಗಗಳ ಖರೀದಿಯ ಮೇಲೆ ತೆತ್ತ ತೆರಿಗೆಯಲ್ಲಿ ಎಷ್ಟನ್ನು ಹಿಂಪಡೆಯಬಹುದೆಂಬುದನ್ನು ಲೆಕ್ಕಪರಿಶೋಧಕರೊಡನೆ ಮೊದಲೇ ಚರ್ಚಿಸಿಕೊಳ್ಳಬೇಕು. ಬಿಲ್ಲಿಲ್ಲದೆ ಕೊಂಡ ಭಾಗಗಳ ಮಟ್ಟಿಗಂತೂ ಆ ಪ್ರಶ್ನೆಯೇ ಹುಟ್ಟುವುದಿಲ್ಲ.

ಈ ಕಾರಣದಿಂದ ಅನುಭವಿ ಗ್ಯಾರೇಜುಗಳಿಗೆ ಹೊಂದುವುದು ಮತ್ತೊಂದು ಮಾರ್ಗ. ಗಾಡಿಯನ್ನು ತಾವು ಕೊಳ್ಳದೆ, ಗ್ರಾಹಕರದೇ ಗಾಡಿಯನ್ನು ಅವರ ಖರ್ಚಿನಲ್ಲಿ ಸರಿಪಡಿಸಿಕೊಡುವುದು. ಖರೀದಿಯ ಬಂಡವಾಳ ಸಿಲುಕುವುದಿಲ್ಲ. ದಾಖಲೆಗಳ ಹೊಣೆ ಮಾಲೀಕರದು. ತೆರಿಗೆ ಸೇವೆಯ ಬಿಲ್ಲಿನ ಮೇಲೆ ಬರುತ್ತದೆ, ಭಾಗಗಳ ಮೇಲೆ ತೆತ್ತ ತೆರಿಗೆಯನ್ನು ಕ್ರಮವಾಗಿ ಹೊಂದಿಸಿಕೊಳ್ಳಬಹುದು. ಎಂಜಿನ್ ಬಿಚ್ಚುವ ಮೊದಲು ಒಂದು ಅಂದಾಜು, ಬಿಚ್ಚಿದ ಮೇಲೆ ಅಳತೆಗಳ ಸಹಿತ ಎರಡನೆಯ ಅಂದಾಜು, ಅದಕ್ಕೆ ಗ್ರಾಹಕರ ಲಿಖಿತ ಒಪ್ಪಿಗೆ, ಮುಂಗಡ, ಮತ್ತು ತೆಗೆದ ಹಳೆಯ ಭಾಗಗಳನ್ನು ಚೀಲದಲ್ಲಿ ಕಟ್ಟಿ ಹಿಂದಿರುಗಿಸುವ ಪದ್ಧತಿ ಇಟ್ಟುಕೊಂಡರೆ ಜಗಳಗಳು ಕಡಿಮೆಯಾಗುತ್ತವೆ. ತಾನು ಕಾಲೇಜಿಗೆ ಹೋಗುತ್ತಿದ್ದ ಗಾಡಿಯನ್ನೋ, ತಂದೆಯ ಗಾಡಿಯನ್ನೋ ಸರಿಮಾಡಿಸುವವರು ಮಾರುಕಟ್ಟೆಯ ಬೆಲೆಯನ್ನು ನೋಡಿ ಖರ್ಚು ಮಾಡುವುದಿಲ್ಲ ಎಂಬುದೂ ಇಲ್ಲಿ ಗಮನಾರ್ಹ. ವ್ಯಾಪಾರಿಗೆ ನಷ್ಟವಾಗುವ ಗಾಡಿಯೇ ಅವರಿಗೆ ನ್ಯಾಯವಾದ ಖರ್ಚಾಗಿ ಕಾಣುತ್ತದೆ.

ಸಣ್ಣ ತಯಾರಕರ ಪಾಲು

ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಈ ಗಾಡಿಗೆ ಬೇಕಾದ ಸಾಮಾನ್ಯ ಭಾಗಗಳು ಸಿಗುತ್ತವೆ. ಕೊರತೆಯಿರುವುದು ಗುಣಮಟ್ಟದಲ್ಲಿ. ಸರಿಯಾದ ಗಡಸುತನದ ರಬ್ಬರ್ ಬುಷ್, ಅಳತೆಗೆ ಸರಿಯಾದ ಕೇಬಲ್, ದಪ್ಪ ನಿಕ್ಕಲ್ಲಿನ ಮಡ್‌ಗಾರ್ಡ್, ಒಳರಚನೆ ಸರಿಯಿರುವ ಸೈಲೆನ್ಸರ್ ಇವುಗಳಿಗೆ ಹೆಚ್ಚು ಬೆಲೆ ಕೊಡುವ ಗ್ರಾಹಕರಿದ್ದಾರೆ. ಪೀಣ್ಯದಂಥ ಕೈಗಾರಿಕಾ ವಸಾಹತುಗಳ ಸಣ್ಣ ಘಟಕಗಳಿಗೆ ಇದರಲ್ಲಿ ಅಸಾಧ್ಯವಾದದ್ದೇನೂ ಇಲ್ಲ. ಸಾವಿರಗಟ್ಟಲೆ ಅಲ್ಲ, ನೂರಿನ್ನೂರರ ಲೆಕ್ಕದಲ್ಲಿ ಮಾಡುವ ಕೆಲಸವಾದ್ದರಿಂದ ದೊಡ್ಡ ಕಂಪನಿಗಳು ಇತ್ತ ತಿರುಗಿ ನೋಡುವುದಿಲ್ಲ. ಲೇಪನದ ಘಟಕಗಳು ಮಾತ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಮತ್ತು ಕ್ರೋಮ್ ತ್ಯಾಜ್ಯದ ಸಂಸ್ಕರಣೆಯ ವೆಚ್ಚವನ್ನು ದರದಲ್ಲಿ ಸೇರಿಸಿಕೊಳ್ಳದೆ ಕೆಲಸ ಹಿಡಿಯಬಾರದು.

ಬೇರೊಂದು ಕಂಪನಿಯ ಗಾಡಿಗೆ ಭಾಗ ಮಾಡಬಹುದೇ ಎಂಬ ಅಳುಕು ಹಲವರಲ್ಲಿದೆ. ಪೇಟೆಂಟಿನ ಆಯುಸ್ಸು 20 ವರ್ಷ. ವಿನ್ಯಾಸ ಅಧಿನಿಯಮ 2000ರ ಪ್ರಕಾರ ನೋಂದಾಯಿತ ವಿನ್ಯಾಸಕ್ಕೆ 10 ವರ್ಷ, ವಿಸ್ತರಿಸಿದರೆ ಇನ್ನೈದು ವರ್ಷ ರಕ್ಷಣೆ. 1985ರ ಗಾಡಿಯ ಭಾಗಗಳ ಮಟ್ಟಿಗೆ ಈ ಅವಧಿಗಳು ಕಳೆದುಹೋಗಿವೆ. ಆದರೆ ವ್ಯಾಪಾರ ಚಿಹ್ನೆಗೆ ಅಂಥ ಕೊನೆಯಿಲ್ಲ. ನವೀಕರಿಸುತ್ತ ಹೋದಷ್ಟು ಕಾಲವೂ ಅದು ಜೀವಂತ. ಆದುದರಿಂದ ಅಳತೆಗೆ ಸರಿಹೊಂದುವ ಭಾಗವನ್ನು ತಯಾರಿಸಿ ಸ್ವಂತ ಹೆಸರಿನಲ್ಲಿ, ಇಂಥ ಗಾಡಿಗೆ ಹೊಂದುತ್ತದೆ ಎಂದು ನಮೂದಿಸಿ ಮಾರುವುದು ಬೇರೆ. ಮೂಲ ಕಂಪನಿಯ ಹೆಸರನ್ನೋ ಚಿಹ್ನೆಯನ್ನೋ ಅಚ್ಚೊತ್ತಿ, ಅದೇ ಬಣ್ಣದ ಪೊಟ್ಟಣದಲ್ಲಿ ಮಾರುವುದು ಬೇರೆ. ಎರಡನೆಯದಕ್ಕೆ ವ್ಯಾಪಾರ ಚಿಹ್ನೆ ಅಧಿನಿಯಮ 1999ರ ಅಡಿಯಲ್ಲಿ ಸೆರೆವಾಸವೂ ಉಂಟು. ಅಂಗಡಿಯವರು 'ಹೆಸರು ಹಾಕಿಕೊಟ್ಟರೆ ಎರಡರಷ್ಟು ಮಾಲು ಎತ್ತುತ್ತೇನೆ' ಎಂದು ಹೇಳುವ ಸಂದರ್ಭ ಬರುತ್ತದೆ. ಆ ಆದೇಶವನ್ನು ಬರವಣಿಗೆಯಲ್ಲಿ ಕೊಡಲು ಕೇಳಿದರೆ ಅವರು ಸುಮ್ಮನಾಗುತ್ತಾರೆ.

ಬ್ರೇಕ್ ಶೂ, ಚಕ್ರದ ಕಡ್ಡಿ, ಹ್ಯಾಂಡಲ್ ಮುಂತಾದ ಸವಾರನ ಪ್ರಾಣಕ್ಕೆ ಸಂಬಂಧಿಸಿದ ಭಾಗಗಳಲ್ಲಿ ಗ್ರಾಹಕ ಸಂರಕ್ಷಣಾ ಅಧಿನಿಯಮ 2019ರ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವು ತಯಾರಕರಿಗೂ ಮಾರಾಟಗಾರರಿಗೂ ಅನ್ವಯಿಸುತ್ತದೆ. ಪರೀಕ್ಷೆಯ ಸೌಲಭ್ಯವಿಲ್ಲದ ಘಟಕಗಳು ಇವುಗಳಿಂದ ದೂರವಿದ್ದು, ರಬ್ಬರ್, ತಗಡು ಮತ್ತು ಲೇಪನದ ಭಾಗಗಳಿಂದ ಆರಂಭಿಸುವುದು ಕ್ಷೇಮ. ಹಾಗೆ ಆರಂಭಿಸುವವರು ಅಚ್ಚು ಮಾಡಿಸುವ ಮೊದಲು ಬಳಸದೆ ಉಳಿದ ಒಂದು ಮೂಲ ಭಾಗವನ್ನು ಹೇಗಾದರೂ ಸಂಪಾದಿಸಿಕೊಳ್ಳಬೇಕು. ಮೂವತ್ತು ವರ್ಷ ಸವೆದ ಭಾಗದಿಂದ ಅಳತೆ ತೆಗೆದರೆ, ಆ ಸವೆತವೂ ಹೊಸ ಅಚ್ಚಿನೊಳಗೆ ಸೇರಿಕೊಳ್ಳುತ್ತದೆ.